ನೋಯದ ಕೈ

ಸುಟ್ಟ ವಾಸನೆ ಬಂದಾಗ ನಾನು ರೊಟ್ಟಿಯ ಕಡೆ ನೋಡಿದೆ, ಕೈಯ ಕಡೆ ನೋಡಲಿಲ್ಲ. ರೊಟ್ಟಿ ಕೆಂಡದ ಮೇಲೆ ಚೆನ್ನಾಗಿಯೇ ಉಬ್ಬಿತ್ತು. ಅದನ್ನು ತಿರುವಿ ಹಾಕಲು ಚಾಚಿದ ನನ್ನ ಬಲಗೈಯ ಕಿರುಬೆರಳು ಮಾತ್ರ ಕೆಂಡಕ್ಕೆ ತಾಗಿಕೊಂಡು ಹಾಗೇ ನಿಂತಿತ್ತು. ನಾನು ಬೆರಳು ಹಿಂದಕ್ಕೆ ತೆಗೆದದ್ದು ಉರಿ ಹತ್ತಿ ಅಲ್ಲ, ಎದುರಿಗೆ ಕೂತಿದ್ದ ಅವ್ವ ಚೀರಿದ್ದಕ್ಕೆ.

‘ಅಯ್ಯ ನನ್ನವ್ವ, ಉರಿ ಹತ್ತಲಿಲ್ಲೇನ ನಿನಗ?’

‘ಇಲ್ಲಬೇ,’ ಅಂದೆ. ಇದ್ದದ್ದನ್ನೇ ಹೇಳಿದ್ದೆ.

ಸುತ್ತ ಕೂತಿದ್ದ ಓಣಿಯ ಹೆಂಗಸರು ನಕ್ಕರು. ‘ಕೈ ಪಳಗೇತಿ ಬಿಡ್ರಿ. ಬಿ.ಎ. ಓದಿದ್ರೂ ರೊಟ್ಟಿ ಮರತಿಲ್ಲ ಹುಡುಗಿ. ನಮ್ಮ ಸೊಸ್ತ್ಯಾರು ಅದಾರ ನೋಡ್ರಿ, ಕೈಗೆ ಬಿಸಿ ತಾಕಿದ್ರ ಮನಿ ಕೂಡಿಸಿ ಅಳತಾರ.’

ನಾನೂ ನಕ್ಕೆ. ಬರಿ ಬೆರಳಲ್ಲಿ ಕೆಂಡದ ಮೇಲಿನ ರೊಟ್ಟಿ ತಿರುವುವುದು ನಮ್ಮ ಕಡೆ ಹೆಣ್ಣುಮಕ್ಕಳ ಹೆಚ್ಚುಗಾರಿಕೆ. ಅವತ್ತು ಕಮತಗಿಯ ನಮ್ಮ ಮನೆಯಲ್ಲಿ ಅಣ್ಣನ ಮಗನ ಮೊದಲ ಕೂದಲು ತೆಗೆಸಿದ ಜಾವಳದ ಊಟಕ್ಕೆ ಅಡುಗೆ ನಡೆದಿತ್ತು. ಎಮರ್ಜೆನ್ಸಿ ಮುಗಿದ ಮರುವರ್ಷದ ಬೇಸಿಗೆ ರಜೆ. ಬೆರಳಿಗೆ ಬೊಬ್ಬೆ ಬಂತು, ಒಡೆಯಿತು, ಮಾಯಿತು. ಆ ನಗುವಿನ ನೆರಳಲ್ಲಿ ಒಂದೂವರೆ ವರ್ಷ ಹೋಯಿತು.

ನನಗೆ ಆ ಹೊಗಳಿಕೆ ಯಾಕೆ ಅಷ್ಟು ಬೇಕಾಗಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಕುರಿ ಕಾಯ್ದ ಮನೆ, ಬೀರಪ್ಪನ ಒಕ್ಕಲು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಹಿಂಡಿನ ಹಿಂದೆ ಹೋದ, ನಾನು ಬಾಗಲಕೋಟೆಯ ಕಾಲೇಜಿಗೆ ಹೋದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದ ಮೊದಲ ಜೀವ ನಾನು. ಮಾಳವ್ವ ಅನ್ನುವ ಹೆಸರನ್ನು ಬದಲಾಯಿಸು ಎಂದು ಗೆಳತಿಯರು ಹೇಳಿದರೂ ಡಿಗ್ರಿ ಸರ್ಟಿಫಿಕೇಟಿನಲ್ಲಿ ಹಾಗೇ ಬರೆಸಿಕೊಂಡವಳು. ‘ಬುಕ್ಕ ಹಿಡದ ಕೈ ರೊಟ್ಟಿ ಬಡಿತಾವೇನ?’ ಎಂದು ಓಣಿಯವರು ಕೇಳುತ್ತಿದ್ದರು. ಬಡಿದು ತೋರಿಸಬೇಕಿತ್ತು. ತೋರಿಸಿದ್ದೆ. ಬಿ.ಎಡ್. ಮುಗಿಸಿ ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಕಲಿಸುತ್ತಿದ್ದೆ. ಬೋರ್ಡಿನ ಮೇಲಿನ ನನ್ನ ಅಕ್ಷರ ನೋಡಲು ಬೇರೆ ತರಗತಿಯ ಮಾಸ್ತರರು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಆ ಬಲಗೈಯಿಂದ ಸೀಮೆಸುಣ್ಣ ಜಾರತೊಡಗಿತು. ‘ಅಕ್ಕಾರ್ರಿ, ಖಡು ಬಿತ್ತ್ರಿ,’ ಎಂದು ಮುಂದಿನ ಸಾಲಿನ ಹುಡುಗಿಯರು ಎತ್ತಿ ಕೊಡುತ್ತಿದ್ದರು. ದಿನಕ್ಕೆ ಒಂದು ಸಲ, ಆಮೇಲೆ ಪಾಠಕ್ಕೆ ಒಂದು ಸಲ. ಕಿರುಬೆರಳು ಅಂಗೈ ಕಡೆ ಸ್ವಲ್ಪ ಬಾಗಿ ನಿಂತಂತೆ ಕಂಡಿತು. ಚಳಿಗೆ ಅಂದುಕೊಂಡೆ. ಮೊಣಕೈಯ ಹತ್ತಿರ ಒಂದು ಮಚ್ಚೆ ಮಾಸಲು ಬಣ್ಣದಲ್ಲಿ ಹರಡಿತ್ತು. ಬಿಸಿಲಿಗೆ ಅಂದುಕೊಂಡೆ.

ಮಕ್ಕಳ ಚರ್ಮ ತಪಾಸಣೆ ಮಾಡುವವರೊಬ್ಬರು ಶಾಲೆಗೆ ಬಂದದ್ದು ಆಗಲೇ. ಕ್ಲಾಸ್ ಟೀಚರ್ ಆಗಿ ನಾನೇ ಹುಡುಗರ ಅಂಗಿ ಬಿಚ್ಚಿಸಿ ಸಾಲು ನಿಲ್ಲಿಸಿದೆ. ಅವರು ಒಬ್ಬೊಬ್ಬನ ಬೆನ್ನು, ತೋಳು ನೋಡಿ, ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಕೋಳಿ ಪುಕ್ಕದಿಂದ ಮುಟ್ಟುತ್ತಿದ್ದರು. ‘ಎಲ್ಲಿ ಮುಟ್ಟಿದ್ನಿ, ಬೆರಳಿಟ್ಟು ತೋರಸು.’ ಹುಡುಗರು ಕಿಲಕಿಲ ನಗುತ್ತ ಸರಿಯಾದ ಜಾಗಕ್ಕೇ ಬೆರಳು ಇಡುತ್ತಿದ್ದರು. ‘ಪಾಸ್,’ ಅನ್ನುತ್ತಿದ್ದರು ಅವರು. ನಾನು ಹಾಜರಿ ಹಿಡಿದು ಗುರುತು ಹಾಕುತ್ತಿದ್ದೆ. ನಮ್ಮ ತರಗತಿಯಲ್ಲಿ ಎಲ್ಲರೂ ಪಾಸಾದರು. ಹೋಗುವಾಗ ಪುಕ್ಕವನ್ನು ನನ್ನ ಮೇಜಿನ ಮೇಲೆ ಮರೆತು ಹೋದರು.

ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಕಣ್ಣು ಮುಚ್ಚಿ ಪುಕ್ಕವನ್ನು ಮೊಣಕೈಯ ಮಚ್ಚೆಯ ಮೇಲೆ ಎಳೆದೆ. ಪುಕ್ಕ ಹಿಡಿದ ಎಡಗೈಗೆ ಗೊತ್ತಿತ್ತು, ಬಲಗೈಗೆ ಗೊತ್ತಿರಲಿಲ್ಲ. ಕಿರುಬೆರಳಿಗೆ ಪೆನ್ನಿನ ನಿಬ್ಬಿನಿಂದ ಚುಚ್ಚಿದೆ. ಕಣ್ಣು ತೆರೆದಾಗ ಕಿರುಬೆರಳಿನ ಮೇಲೆ ನೀಲಿ ಚುಕ್ಕೆಗಳ ಸಾಲಿತ್ತು. ಒಂದೂ ನನಗೆ ತಿಳಿದಿರಲಿಲ್ಲ.

ಇಳಕಲ್ಲಿನಲ್ಲಿ ತೋರಿಸುವಂತಿರಲಿಲ್ಲ, ಊರೆಲ್ಲ ನನ್ನ ಮಕ್ಕಳ ತಂದೆ-ತಾಯಿ. ಹುನಗುಂದದಲ್ಲೂ ಅದೇ. ಬಾಗಲಕೋಟೆಗೆ ಹೋಗುವ ಬಸ್ಸು ನಮ್ಮ ಕಮತಗಿಯ ಮೇಲೆಯೇ ಹಾಯಬೇಕು. ಬಸ್ಸು ನಿಂತಾಗ ಸೆರಗು ತಲೆ ಮೇಲೆ ಎಳೆದುಕೊಂಡು ತಲೆ ಬಗ್ಗಿಸಿದೆ. ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ಅಣ್ಣ ಉಣ್ಣೆಯ ಗಂಟಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ನಮ್ಮೂರಲ್ಲಿ ನಾನು ಮುಖ ಮರೆಸಿಕೊಂಡದ್ದು ಅದೇ ಮೊದಲು.

ದವಾಖಾನೆಯ ಹಿಂಭಾಗದಲ್ಲಿ ಬೇರೆಯದೇ ಒಂದು ಉದ್ದನೆಯ ಕಟ್ಟಡ. ಬೇವಿನ ಗಿಡದ ಕೆಳಗೆ ಕಲ್ಲು ಬೆಂಚು. ಅಲ್ಲಿ ಕೂತವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಕಣ್ಣು ಕೆಳಗೆ ಇಳಿಸಿದರೆ ಕೈಗಳು ಕಾಣುತ್ತಿದ್ದವು. ಪಕ್ಕದಲ್ಲಿ ಕೂತ ಹೆಂಗಸು ಎರಡೂ ಅಂಗೈಗಳ ನಡುವೆ ವೀಳ್ಯದೆಲೆ ಒತ್ತಿ ಹಿಡಿದು, ಹಲ್ಲಿನಿಂದ ಅದರ ತೊಟ್ಟು ಕಡಿದು ಉಗುಳಿದಳು. ಬೆರಳುಗಳಿದ್ದ ಕಡೆ ಗಂಟು ಗಂಟು ಮಾತ್ರ ಇತ್ತು.

‘ಯಾರ ಸಂಗಾಟ ಬಂದೀಯವಾ?’ ಎಂದು ಕೇಳಿದಳು.

‘ಯಾರೂ ಇಲ್ಲ. ನಾನ ತೋರಿಸಬೇಕು.’

ಅವಳು ನನ್ನ ಕೈ ಎಳೆದುಕೊಂಡು, ಬಳೆಗಾರರು ನೋಡುವ ಹಾಗೆ ತಿರುವಿ ತಿರುವಿ ನೋಡಿದಳು. ‘ಐದೂ ಅದಾವ,’ ಅಂದಳು. ಆಮೇಲೆ ಎಲೆ ಅಗಿಯುತ್ತ, ‘ನನ್ನವೂ ಇದ್ದವು,’ ಅಂದಳು. ಬಾದಾಮಿ ಕಡೆಯವಳು, ಸಾವಂತ್ರೆವ್ವ ಅಂತ ಹೆಸರು. ದನಿಯಲ್ಲಿ ದುಃಖ ಏನೂ ಇರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಡಾಕ್ಟರು ಹೆಚ್ಚು ಮಾತಾಡುವವರಲ್ಲ. ಮೊಣಕೈಯ ಒಳಗಿನ ನರವನ್ನು ಬೆರಳಲ್ಲಿ ಉರುಳಿಸಿ ನೋಡಿ, ರೋಗದ ಹೆಸರು ಹೇಳಿದರು, ಕುಷ್ಠ. ಅದನ್ನು ನಮ್ಮ ಕಡೆ ಮಹಾರೋಗ ಅನ್ನುತ್ತಾರೆ. ಇದ್ದವರು ಇದ್ದೂರು ಬಿಡುತ್ತಿದ್ದ ಕಾಲ ಅದು. ಗುಳಿಗೆ ವರ್ಷಗಟ್ಟಲೆ ನುಂಗಬೇಕು, ರೋಗ ಹೋಗುತ್ತದೆ, ಆದರೆ ಸತ್ತ ಸ್ಪರ್ಶ ತಿರುಗಿ ಬರುವ ಭರವಸೆ ಇಲ್ಲ, ಬೆರಳು ಹೋಗುವುದು ರೋಗದಿಂದಲ್ಲ, ನೋವು ತಿಳಿಯದೆ ಆಗುವ ಗಾಯದಿಂದ ಅಂದರು. ‘ಆ ಕಡೆ ಸಿಸ್ಟರ್ ಹತ್ರ ಹೋಗ್ರಿ.’

ಕಮಲಾ ಸಿಸ್ಟರ್ ಧಾರವಾಡದ ಕಡೆಯವರು. ನರ್ಸಿಂಗಿನಲ್ಲಿ ಡಿಗ್ರಿ ಮಾಡಿ ಹೊಸದಾಗಿ ಬಂದವರು. ಉಳಿದ ಸಿಬ್ಬಂದಿ ಅವರನ್ನು ಬೆನ್ನ ಹಿಂದೆ ‘ಬುಕ್ಕಿನ ಸಿಸ್ಟರ್’ ಅನ್ನುತ್ತಿದ್ದರು. ಕಣ್ಣು ಮುಚ್ಚಿ ಅಂದರು. ಮುಚ್ಚಿದೆ. ಪುಕ್ಕ ಮುಟ್ಟಿದ ಕಡೆಯೆಲ್ಲ ಬೆರಳಿಟ್ಟು ತೋರಿಸಿದೆ. ಹತ್ತರಲ್ಲಿ ಒಂಬತ್ತು ಸರಿ ಬಂತು.

‘ಅಕ್ಕಾರ,’ ಅಂದರು ಸಿಸ್ಟರ್, ‘ಪರೀಕ್ಷಾದಾಗ ಕಾಪಿ ಹೊಡದ ಹುಡುಗ್ರಿಗೆ ನೀವೇನ್ ಮಾಡ್ತೀರಿ?’

ರೆಪ್ಪೆಯ ಸಂದಿಯಿಂದ ನಾನು ನೋಡುತ್ತಿದ್ದೆ. ಒಂದನೆಯ ತರಗತಿಯಿಂದ ಬಿ.ಎಡ್.ವರೆಗೆ ಒಂದು ಪರೀಕ್ಷೆಯಲ್ಲೂ ಫೇಲಾಗದವಳಿಗೆ ಇದರಲ್ಲೂ ಫೇಲಾಗುವುದು ಆಗಲಿಲ್ಲ. ಸಿಸ್ಟರ್ ಒಂದು ಕರವಸ್ತ್ರ ತೆಗೆದು ನನ್ನ ಕಣ್ಣು ಕಟ್ಟಿದರು. ಎರಡನೇ ಸಲ ಹತ್ತರಲ್ಲಿ ಎರಡು.

ಆಮೇಲೆ ಹಾಳೆಯ ಮೇಲೆ ನನ್ನ ಕೈ ಇಡಿಸಿ ಸುತ್ತ ಗೆರೆ ಎಳೆದು, ಸ್ಪರ್ಶ ಇಲ್ಲದ ಭಾಗಕ್ಕೆಲ್ಲ ಕೆಂಪು ಪೆನ್ಸಿಲ್ ತುಂಬಿದರು. ಅಂಗೈಯ ಅರ್ಧ ಕೆಂಪಾಯಿತು. ‘ನಾ ಕಾಲೇಜಿನಾಗ ಒಂದು ಸಿದ್ಧಾಂತ ಓದೇನಿ, ಸುಮ್ಮ ಕೇಳ್ರಿ,’ ಅಂದರು. ‘ಮನುಷ್ಯಾ ತನ್ನ ಮೈ ತಾನ ನೋಡಿಕೋತಾನ. ಉಣ್ಣೋದು, ಮಲಗೋದು, ಬೆಂಕಿ ಕಂಡ್ರ ಸರಿಯೋದು. ಇದು ಯಾರೂ ಕಲಿಸಿದ್ದಲ್ಲ. ಜಡ್ಡು ಬಂತಂದ್ರ ಆ ಕೆಲಸ ಹೆಚ್ಚಾಗತದ, ಮಾಡೋ ಶಕ್ತಿ ಕಡಿಮಿ ಆಗತದ. ಎಷ್ಟು ಕಡಿಮಿ ಬಿತ್ತೋ ಅಷ್ಟನ್ನ ನರ್ಸ್ ತುಂಬಬೇಕು. ಒಂದು ಚಮಚ ಹೆಚ್ಚು ತುಂಬಿದ್ರೂ ರೋಗಿ ಕುಂತಬಿಡ್ತಾನ, ಏಳಂಗಿಲ್ಲ.’

ಒಂದು ನೋಟುಬುಕ್ಕಿನಲ್ಲಿ ಮೂರು ಅಂಕಣ ಗೆರೆ ಹಾಕಿ ಕೊಟ್ಟರು. ಮೈಗೆ ಇವತ್ತು ಬೇಕಾದದ್ದು. ನಾನೇ ಮಾಡಿದ್ದು. ಮಾಡಲಾಗದೆ ಉಳಿದದ್ದು. ದಿನಾ ಸಂಜೆ ಕೈಯನ್ನು ಕಣ್ಣಿಂದ ಓದಬೇಕು, ಪುಸ್ತಕ ಓದಿದ ಹಾಗೆ, ಬೆರಳಿಂದ ಬೆರಳಿಗೆ. ಬೆಚ್ಚನೆಯ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಗಟ್ಟಿಯಾದ ಚರ್ಮ ಕಲ್ಲಿನಿಂದ ತಿಕ್ಕಿ, ಎಣ್ಣೆ ಹಚ್ಚಬೇಕು. ನೀರು ಎಷ್ಟು ಬಿಸಿ ಎಂದು ಆ ಕೈಯಿಂದ ನೋಡಬಾರದು, ಎಡ ಮೊಣಕೈ ಅದ್ದಿ ನೋಡಬೇಕು. ಬಿಸಿ ಲೋಟವನ್ನು ಬಟ್ಟೆ ಸುತ್ತಿ ಹಿಡಿಯಬೇಕು. ಇಷ್ಟೇ. ನನಗೆ ನಗು ಬಂತು. ಲೆಸನ್ ಪ್ಲಾನ್ ಬರೆದವಳಿಗೆ ಇದೇನು ದೊಡ್ಡದು?

ಮನೆಯಲ್ಲಿ ಹೇಳಿದೆ. ಅಣ್ಣ ಎದ್ದು ಬಾಗಿಲು ಮುಂದೆ ಮಾಡಿ ಬಂದು, ‘ಯಾರ ಮುಂದೂ ಬಾಯಿ ಬಿಡಬ್ಯಾಡ,’ ಅಂದ. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ತೊಡೆಯ ಮೇಲಿದ್ದ ಮಗನನ್ನು ಎತ್ತಿಕೊಂಡು, ‘ಉಣ್ಣಸೂ ಹೊತ್ತಾತು,’ ಅಂದಳು. ಉಣ್ಣಿಸುವ ಹೊತ್ತಾಗಿರಲಿಲ್ಲ. ಅವ್ವ ಮಾತ್ರ ಒಂದೇ ಸಮ ಕೇಳಿದಳು, ‘ಓದಿದಾಕಿಗೆ ಹೆಂಗ ಬಂತು? ನನಗ ಬರಬೇಕಾಗಿತ್ತಲ್ಲ?’ ಮರುದಿನ ಅವಳು ಎರಡು ಸೀರೆ, ಒಂದು ಕಂಬಳಿ, ಉಣ್ಣೆ ನೂಲುವ ಕದಿರು ಗಂಟು ಕಟ್ಟಿಕೊಂಡು ನನ್ನ ಜೊತೆ ಇಳಕಲ್ಲಿಗೆ ಹೊರಟಳು.

ಅವ್ವ ಬಂದ ಮೇಲೆ ನನ್ನ ಕೈಗೆ ಕೆಲಸವೇ ಇಲ್ಲದಾಯಿತು. ನೀರು ಕಾಯಿಸುವವಳು ಅವಳು, ಕೈ ನೆನೆಸುವವಳು ಅವಳು, ತಿಕ್ಕುವವಳು, ಎಣ್ಣೆ ಹಚ್ಚುವವಳು ಅವಳು. ‘ನೀ ಆ ಕೈ ನೋಡಬ್ಯಾಡವಾ, ನೋಡಿದ್ರ ಮನಸಿಗೆ ಹಚ್ಚಿಕೋತಿ,’ ಅನ್ನುತ್ತಿದ್ದಳು. ನಾನು ಅವಳ ಕಡೆ ಕೈ ಚಾಚಿ ಮುಖ ಆಚೆ ತಿರುಗಿಸಿ ಮಕ್ಕಳ ಪೇಪರು ಓದುತ್ತಿದ್ದೆ. ಹಿತವಾಗಿತ್ತು, ಸುಳ್ಳು ಹೇಳಬಾರದು. ತಿಂಗಳಿಗೊಮ್ಮೆ ಗುಳಿಗೆಗೆ ಬಾಗಲಕೋಟೆಗೆ ಹೋಗುವ ಹಿಂದಿನ ದಿನ, ಇನ್‌ಸ್ಪೆಕ್ಟರು ಬರುತ್ತಾರೆಂದರೆ ನಾವು ಪಾಠ ಟಿಪ್ಪಣಿ ತುಂಬುತ್ತಿದ್ದ ಹಾಗೆ, ಸಿಸ್ಟರ್ ಕೊಟ್ಟ ನೋಟುಬುಕ್ಕಿನ ಮೂವತ್ತು ದಿನವನ್ನೂ ಒಂದೇ ಸಲ ಕೂತು ತುಂಬುತ್ತಿದ್ದೆ. ಅಕ್ಷರ ಚಂದ ಇರುತ್ತಿತ್ತು. ಸಿಸ್ಟರ್ ಪುಟ ತಿರುವಿ ಸಹಿ ಹಾಕುತ್ತಿದ್ದರು.

ಅವ್ವನ ಕಣ್ಣಿಗೆ ಪೊರೆ ಬರುತ್ತಿತ್ತು. ಅದು ನನಗೆ ಗೊತ್ತಿತ್ತು. ನಲವತ್ತು ವರ್ಷ ಕದಿರು ತಿರುವಿ, ಒಲೆಯಿಂದ ಕುದಿವ ಗಡಿಗೆಗಳನ್ನು ಬರಿಗೈಯಲ್ಲಿ ಇಳಿಸಿ ಅವಳ ಅಂಗೈ ಎತ್ತಿನ ಗೊರಸಿನ ಹಾಗಾಗಿತ್ತು. ಅದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಶ್ರಾವಣದ ಒಂದು ಸಂಜೆ. ಅವ್ವ ಬೋಗುಣಿಯಲ್ಲಿ ನೀರು ತಂದಿಟ್ಟಳು. ‘ಮೊಣಕೈ ಹಾಕಿ ನೋಡಿದ್ಯೇನಬೇ?’ ಎಂದು ಕೇಳಿದೆ, ಪೇಪರಿನಿಂದ ತಲೆ ಎತ್ತದೆ.

‘ಮೊಣಕೈ ಎದಕ? ಕೈಯೇ ಹಾಕಿ ನೋಡೇನಿ. ಬೆಚ್ಚಗೈತಿ.’

ಅದ್ದಿದೆ. ಅಂಗೈ ನೀರೊಳಗೆ, ಮಣಿಕಟ್ಟು ಬೋಗುಣಿಯ ಅಂಚಿನ ಹೊರಗೆ. ಎಡಗೈಯಲ್ಲಿ ಒಂದೊಂದೇ ಉತ್ತರಪತ್ರಿಕೆ ತಿರುವುತ್ತ ಓದುತ್ತಿದ್ದೆ. ಕೈಯ ಹೆಬ್ಬೆರಳಿನ ಕಡೆ ಸ್ವಲ್ಪ ಚುರುಕೆಂದಿತು. ಬಿಸಿ ಸರಿಯಾಗಿದೆ ಅಂದುಕೊಂಡೆ. ಪಕ್ಕದ ಮನೆಯ ಮಗ್ಗ ಬಡಿಯುತ್ತಿತ್ತು, ನಿಂತಿತು, ಮತ್ತೆ ಬಡಿಯಿತು. ಕೊನೆಯ ಪತ್ರಿಕೆ ಓದಿ ಮುಗಿಸಿ ಕೈ ಮೇಲೆತ್ತಿದಾಗ, ಕಿರುಬೆರಳ ಕಡೆಯ ಚರ್ಮ ಒದ್ದೆ ಕಾಗದದ ಹಾಗೆ ಸಡಿಲಾಗಿ ಜೋತುಬಿದ್ದಿತ್ತು.

ಅವ್ವ ಎದುರಿಗೇ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದಳು. ಅವಳಿಗೆ ಕಾಣಲಿಲ್ಲ. ‘ಯಾಕ ಸುಮ್ಮನಾದಿ?’ ಅಂದಳು. ‘ಕೊಡ ಇಲ್ಲಿ, ಎಣ್ಣಿ ಹಚ್ಚತೇನಿ.’

ನಾನು ಆಗಲೂ ಬಾಗಲಕೋಟೆಗೆ ಓಡಲಿಲ್ಲ. ನೋವಿರಲಿಲ್ಲವಲ್ಲ. ಬಟ್ಟೆ ಸುತ್ತಿಕೊಂಡು ಎರಡು ದಿನ ಶಾಲೆಗೆ ಹೋದೆ. ಹೆಡ್‌ಮಾಸ್ತರು ಕೇಳಿದರೆ ‘ಬಿಸಿನೀರು ಬಿತ್ತ್ರಿ ಸರ್’ ಅಂದೆ. ಮೂರನೆಯ ದಿನ ಜ್ವರ ಏರಿತು, ಕೈ ಮೊಣಕೈವರೆಗೆ ಊದಿಕೊಂಡಿತು, ಬಟ್ಟೆಯಿಂದ ಬರುತ್ತಿದ್ದ ವಾಸನೆಗೆ ಪಕ್ಕದ ಮನೆಯ ನೇಕಾರರ ಹೆಂಡತಿ ಬಾಗಿಲಲ್ಲೇ ನಿಂತಳು. ಅಣ್ಣನಿಗೆ ಹೇಳಿ ಕಳಿಸಿದ್ದು ಅವಳೇ. ಅಣ್ಣ ಬಂದು ನನ್ನನ್ನೂ ಅವ್ವನನ್ನೂ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದ. ಈ ಸಲ ಕಮತಗಿಯಲ್ಲಿ ಸೆರಗು ಎಳೆದುಕೊಳ್ಳುವ ತ್ರಾಣ ನನಗಿರಲಿಲ್ಲ.

ಡಾಕ್ಟರು ನೋಡಿ, ಅಣ್ಣನನ್ನು ಹೊರಗೆ ಕರೆದು ಮಾತಾಡಿದರು. ಬಾಗಿಲು ತೆರೆದೇ ಇತ್ತು. ‘ಎಲುವಿಗೆ ಇಳದಿದ್ರ ಕಿರುಬೆರಳು, ಉಂಗುರ ಬೆರಳು ತೆಗೀಬೇಕಾಗತೈತಿ. ಅಲ್ಲಿಗೂ ನಿಲ್ಲಲಿಲ್ಲಂದ್ರ ಅಂಗೈ ಅರ್ಧ. ನಾಕು ದಿನ ನೋಡೂಣು.’ ಅಂಗೈ ಅರ್ಧ ಅಂದರೆ ಪೆನ್ನು ಇಲ್ಲ, ಬೋರ್ಡು ಇಲ್ಲ. ಬೇವಿನ ಗಿಡದ ಕೆಳಗೆ ಕೂತ ಕೈಗಳ ಸಾಲಿಗೆ ನನ್ನದೂ ಒಂದು.

ಪಕ್ಕದ ಮಂಚದಲ್ಲಿ ಸಾವಂತ್ರೆವ್ವ ಇದ್ದಳು. ಅವಳದು ಕಾಲು. ಪಾದದ ಹುಣ್ಣು ಮಾಯದೆ ಮೇಲೇರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

‘ಸಾಲಿ ಅಕ್ಕಾರು ಅಲ್ಲೇನ? ನಿನಗ ಮಾಡವರು ಯಾರದಾರ?’

‘ನಮ್ಮವ್ವ ಎಲ್ಲಾ ಮಾಡತಾಳ,’ ಅಂದೆ.

‘ನನಗೂ ಭಾಳ ಮಂದಿ ಇದ್ದರು. ಮಗ, ಸೊಸಿ, ಮಗಳು. ಕಾಲು ನೆಲಕ್ಕ ಇಡಬ್ಯಾಡ ಅನ್ನವರು. ಒಂದಿನ ಎಲ್ಲಾರೂ ಹೊಲಕ್ಕ ಹೋಗಿದ್ರು. ಇಲಿ ಬಂದು ಕಾಲಿನ ಹೆಬ್ಬೆರಳು ಕಡದು ಹೋಗೇತಿ. ಅವರು ಬಂದು ಹೇಳೂತನಾ ನನಗ ಗೊತ್ತಿಲ್ಲ ನೋಡವಾ.’ ಅಷ್ಟು ಹೇಳಿ ಅವಳು ನಕ್ಕಳು. ‘ಇಲಿಗೆ ನಾ ಸತ್ತಂಗ ಕಂಡಿರಬೇಕು.’

ಎರಡನೆಯ ದಿನ ಅವಳನ್ನು ಕಾಲು ತೆಗೆಯಲು ದೊಡ್ಡ ದವಾಖಾನೆಗೆ ಕರೆದೊಯ್ದರು. ಮಂಚಕ್ಕೆ ಹೊಸ ಚಾದರ ಹಾಸಿದರು. ಅವಳು ತಿರುಗಿ ಬಂದದ್ದನ್ನು ನಾನು ನೋಡಲಿಲ್ಲ, ಏನಾಯಿತು ಎಂದು ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಆ ಎರಡು ದಿನ ಕಮಲಾ ಸಿಸ್ಟರ್ ನನ್ನನ್ನು ಏನೂ ಕೇಳಲಿಲ್ಲ. ಗಾಯ ತೊಳೆಯುವುದು, ಸತ್ತ ಚರ್ಮ ಕತ್ತರಿಸುವುದು, ಕೈಯನ್ನು ಹಲಗೆಗೆ ಕಟ್ಟಿ ಎತ್ತರಕ್ಕೆ ತೂಗುಬಿಡುವುದು, ಅನ್ನ ಕಲಸಿ ಬಾಯಿಗೆ ಇಡುವುದು, ಎಲ್ಲ ಅವರೇ. ಮೂರನೆಯ ದಿನ ಜ್ವರ ಇಳಿಯಿತು. ಅವತ್ತು ಅವ್ವನ ಗಂಟಿನಲ್ಲಿದ್ದ ನನ್ನ ನೋಟುಬುಕ್ಕು ತಂದು ಮಂಚದ ಮೇಲೆ ಇಟ್ಟರು.

‘ಅಕ್ಕಾರ, ಮೂವತ್ತು ದಿನದ ಶಾಯಿ ಒಂದ ಬಣ್ಣ ಅದ.’

ನಾನು ಗೋಡೆ ನೋಡಿದೆ.

‘ಮೊದಲನೇ ತಿಂಗಳ ನನಗ ಗೊತ್ತಾಗಿತ್ತು. ಕೇಳಬೇಕಾಗಿತ್ತು, ಕೇಳಲಿಲ್ಲ. ಡಿಗ್ರಿ ಆದಾಕಿ, ತಾನ ಮಾಡ್ಕೋತಾಳ ಅಂತ ಬಿಟ್ಟೆ. ಹಳ್ಳಿ ಮುದುಕಿ ಆಗಿದ್ರ ದಿನಾ ಬೆನ್ನ ಹತ್ತತಿದ್ದೆ. ತಪ್ಪು ನಂದೂ ಅದ.’

ಯಾರಾದರೂ ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಇದಕ್ಕೆ ಅಳು ಬಂತು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ‘ಸಿಸ್ಟರ್, ನಿಮ್ಮ ಸಿದ್ಧಾಂತ ಬರದವರಿಗೆ ನಮ್ಮವ್ವ ಗೊತ್ತಿಲ್ಲ,’ ಅಂದೆ. ‘ರೋಗಿ, ನರ್ಸು, ಇಬ್ಬರ ಅದಾರ ಅದರಾಗ. ಕೈ ಕಸಗೊಂಡು ಮಾಡೋ ಅವ್ವನ್ನ ಯಾವ ಅಂಕಣದಾಗ ಬರೀಲಿ?’

ಸಿಸ್ಟರ್ ಜೇಬಿನಿಂದ ಸ್ಕೇಲು ತೆಗೆದು ನೋಟುಬುಕ್ಕಿನಲ್ಲಿ ನಾಲ್ಕನೆಯ ಗೆರೆ ಎಳೆದರು. ಮೇಲೆ ‘ಅವ್ವ’ ಎಂದು ಬರೆದರು. ಆಮೇಲೆ ವರಾಂಡದಲ್ಲಿ ಕೂತಿದ್ದ ಅವ್ವನನ್ನು ಒಳಗೆ ಕರೆದರು.

ಅವ್ವ ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ತನ್ನ ಎರಡೂ ಅಂಗೈ ಮುಂದೆ ಚಾಚಿ, ‘ಇವನ್ನ ಸುಡ್ರಿ ಸಿಸ್ಟರ್,’ ಅಂದಳು. ‘ನನ್ನ ಮಗಳ ಕೈ ಬೇಯಿಸಿದ ಕೈ.’

‘ಸುಡೋದು ಬ್ಯಾಡ,’ ಅಂದರು ಸಿಸ್ಟರ್. ‘ನಿಮಗೊಂದು ಕೆಲಸ ಕೊಡ್ತೇನಿ. ಇವತ್ತಿನಿಂದ ಆಕಿ ಕೈ ನೀವು ಮುಟ್ಟಂಗಿಲ್ಲ. ಆಕಿ ಮಾಡೋವಾಗ ಎದುರಿಗೆ ಕುಂದರಬೇಕು. ಅಷ್ಟ.’

‘ಕುಂತು?’

‘ಕುಂತು, ಸುಮ್ಮಿರಬೇಕು. ಮಾಡಿ ಮುಗಿಸಿದ ಮ್ಯಾಲೆ ಏನೇನು ನೋಡಿದಿ ಅಂತ ಕೇಳಬೇಕು.’

‘ಕೈ ಕಟ್ಟಿಕೊಂಡು ಕುಂದರೂದು ಒಂದು ಕೆಲಸ ಆತೇನ್ರಿ?’ ಅವ್ವನಿಗೆ ನಿಜವಾಗಿಯೂ ಅವಮಾನವಾಗಿತ್ತು. ‘ಎಮ್ಮಿ ಈಯೂವಾಗೂ ಯಾರೂ ಸುಮ್ಮ ಕುಂದರಂಗಿಲ್ಲ.’

ಸಿಸ್ಟರ್ ನಾಲ್ಕನೆಯ ಅಂಕಣದಲ್ಲಿ ‘ಕೂತಿರುವುದು, ಕೇಳುವುದು’ ಎಂದು ಬರೆದು, ಓದಿ ಹೇಳಿ, ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆ ವಾರ ಗಾಯ ತೊಳೆಯುವ ಕೆಲಸ ನಾವಿಬ್ಬರೂ ಕೂಡಿ ಮಾಡಿದೆವು, ಸಿಸ್ಟರ್ ಹಿಡಿದರೆ ನಾನು ಒರೆಸುವುದು, ನಾನು ಹಿಡಿದರೆ ಅವರು ಕಟ್ಟುವುದು. ಮೊದಲ ಸಲ ನನ್ನ ಗಾಯವನ್ನು ನಾನೇ ನೋಡಿದಾಗ ಅರಿವೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡೆ. ಆಮೇಲಿನ ವಾರ ಸಿಸ್ಟರ್ ಸ್ಟೂಲಿನ ಮೇಲೆ ಕೂತು, ಕೈ ಹಿಂದೆ ಕಟ್ಟಿಕೊಂಡು, ಬಾಯಿಮಾತಲ್ಲಿ ಹೇಳುತ್ತಿದ್ದರು. ನಾನು ಪಟ್ಟಿಯ ಒಂದು ತುದಿ ಹಲ್ಲಿನಿಂದ ಹಿಡಿದು ಎಡಗೈಯಿಂದ ಸುತ್ತುತ್ತಿದ್ದೆ. ಜಾರಿ ಬಿಚ್ಚಿಕೊಂಡರೂ ಅವರು ಎದ್ದು ಬರುತ್ತಿರಲಿಲ್ಲ. ಆ ಕಡೆ ಮೂಲೆಯಲ್ಲಿ ಅವ್ವ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿರುತ್ತಿದ್ದಳು, ಎಲ್ಲಿ ತಾವಾಗಿಯೇ ಎದ್ದು ಬರುತ್ತವೋ ಅನ್ನುವ ಹಾಗೆ.

ಒಂದು ಬೆಳಿಗ್ಗೆ ಕಿರುಬೆರಳ ಗಾಯದಿಂದ ಜೋಳದ ಕಾಳಿನಷ್ಟು ಎಲುಬಿನ ಚೂರು ಹೊರಗೆ ಬಂತು. ಮೊದಲು ನೋಡಿದವಳು ನಾನೇ. ಡಾಕ್ಟರು ಅದನ್ನು ತೆಗೆದು ಬೆರಳ ತುದಿ ಕತ್ತರಿಸಿ ಹೊಲಿದರು. ಅಲ್ಲಿಗೆ ನಿಂತಿತು. ಉಂಗುರ ಬೆರಳು ಉಳಿಯಿತು. ಅಂಗೈ ಉಳಿಯಿತು. ದೀಪಾವಳಿಯ ಮೇಲೆ ನಾನು ಶಾಲೆಗೆ ಹೋಗಿ ಬೋರ್ಡಿನ ಮೇಲೆ ಬರೆದೆ. ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ. ಮಕ್ಕಳು ನಕಲು ಮಾಡಿಕೊಂಡರು.

ಅದಾದ ಮೇಲೆ ಎಷ್ಟೋ ವರ್ಷ ಗುಳಿಗೆ ನುಂಗಿದೆ. ಎಂಬತ್ತರ ದಶಕದಲ್ಲಿ ಬಣ್ಣ ಬಣ್ಣದ ಹೊಸ ಗುಳಿಗೆಗಳು ಬಂದವು, ಮೂತ್ರ ಕೆಂಪಗಾಗುತ್ತಿತ್ತು, ಮುಖ ಕಪ್ಪಗಾಯಿತು. ಬಂದ ಇಬ್ಬರು ವರರ ಕಡೆಯವರಿಗೆ ನಾನೇ ಇದ್ದದ್ದು ಇದ್ದಂತೆ ಹೇಳಿದೆ, ತಿರುಗಿ ಬರಲಿಲ್ಲ. ಕಮಲಾ ಸಿಸ್ಟರ್ ವರ್ಗವಾಗಿ ಹೋದರು. ಅವರು ಗೆರೆ ಎಳೆದ ನೋಟುಬುಕ್ಕು ಮುಗಿದಾಗ ನಾನೇ ಇನ್ನೊಂದಕ್ಕೆ ಗೆರೆ ಎಳೆದೆ. ಶಾಯಿ ದಿನಕ್ಕೊಂದು ಬಣ್ಣವಾಗುತ್ತಿತ್ತು, ಕೈಗೆ ಸಿಕ್ಕ ಪೆನ್ನಿನಿಂದ ಬರೆದದ್ದಕ್ಕೆ.

ಕೊನೆಗೊಂದು ದಿನ ಡಾಕ್ಟರು ರೋಗ ಪೂರ್ತಿ ಹೋಗಿದೆ, ಗುಳಿಗೆ ನಿಲ್ಲಿಸಿ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟರು. ಅವ್ವನನ್ನು ಕರೆದುಕೊಂಡು ಬಾಗಲಕೋಟೆಯಿಂದ ನೇರ ಕಮತಗಿಗೆ ಬಂದೆ. ಅಣ್ಣ ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ. ವೈನಿ ಹೋಳಿಗೆಗೆ ಬೇಳೆ ಕುದಿಯಲು ಇಟ್ಟಳು. ಅವಳ ಮಗ, ಈಗ ಸಾಲಿಗೆ ಹೋಗುವವನು, ನನ್ನ ಪಕ್ಕ ಬಂದು ಒತ್ತಿ ಕೂತಾಗ ಅವಳು ಅವನನ್ನು ಕರೆಯಲಿಲ್ಲ.

ಸಂಜೆ ನಾನು ಬೋಗುಣಿಗೆ ನೀರು ಹಾಕುವುದನ್ನು ನೋಡಿ ಅಣ್ಣ ಸಿಡುಕಿದ. ‘ಮುಗೀತಲ್ಲ, ಇನ್ನೂ ಎದಕ ಇದು? ಇವತ್ತರ ಬಿಡ.’

ಇವತ್ತೊಂದು ದಿನ ಬಿಡೋಣ ಅಂತ ನನಗೂ ಅನಿಸಿತ್ತು, ಸುಳ್ಳು ಹೇಳಬಾರದು. ಆದರೂ ಕಂದೀಲಿನ ಹತ್ತಿರ, ಯಾವತ್ತಿನಂತೆ ಅವ್ವನ ಎದುರಿಗೆ ಕೂತು, ಎಡ ಮೊಣಕೈ ಅದ್ದಿ ನೋಡಿ, ಬಲಗೈಯನ್ನು ಬೆರಳಿಂದ ಬೆರಳಿಗೆ ಓದತೊಡಗಿದೆ. ಹೆಬ್ಬೆರಳು, ಸರಿ. ತೋರುಬೆರಳು, ಸರಿ. ನಡುಬೆರಳು. ಉಂಗುರ ಬೆರಳಿನ ಬುಡದಿಂದ ಅಂಗೈಯ ಅಂಚಿನವರೆಗೆ ಒಂದು ಗೆರೆ ಸೀಳಿ ಬಾಯಿ ತೆರೆದಿತ್ತು. ರಕ್ತ ಆಗಲೇ ಕಪ್ಪಗೆ ಒಣಗಿತ್ತು. ಬಸ್ಸಿನ ಸೀಟಿನ ಹರಿದ ತಗಡು ಇರಬೇಕು. ರೋಗ ಹೋಯಿತು ಅನ್ನುವ ಕಾಗದವನ್ನು ಎಡಗೈಯಲ್ಲಿ ಹಿಡಿದು ಮತ್ತೆ ಮತ್ತೆ ಓದುತ್ತ ಬಂದಿದ್ದೆ. ಬಲಗೈ ಏನು ಹಿಡಿದಿತ್ತೋ ನೋಡಿರಲಿಲ್ಲ. ಮಧ್ಯಾಹ್ನದಿಂದ ಆ ಕೈಯಲ್ಲೇ ಎಲ್ಲರಿಗೂ ಪೇಢೆ ಹಂಚಿದ್ದೆ.

ನನ್ನ ಉಸಿರು ಕೇಳಿಯೇ ಅವ್ವನಿಗೆ ತಿಳಿಯಿತು. ಗೋಡೆ ಹಿಡಿದು ಎದ್ದಳು. ಒಂದು ಹೆಜ್ಜೆ ಮುಂದೆ ಇಟ್ಟಳು. ನಿಂತಳು. ಹಿಂದಕ್ಕೆ ಸರಿದು, ತಡವರಿಸಿ ನೆಲ ಹುಡುಕಿ, ಮತ್ತೆ ಕೂತಳು.

‘ನನಗ ಕಾಣಂಗಿಲ್ಲವಾ,’ ಅಂದಳು. ‘ನೀನ ನೋಡಿ ಹೇಳು. ಎಷ್ಟು ಆಳ ಹೋಗೇತಿ?’

ನಾನು ಕೈಯನ್ನು ಕಂದೀಲಿಗೆ ಇನ್ನೂ ಹತ್ತಿರ ಹಿಡಿದೆ. ಗಾಯದ ಎರಡೂ ಅಂಚನ್ನು ಎಡಗೈಯಿಂದ ಬಿಡಿಸಿ, ತಳ ಕಾಣುವವರೆಗೆ ನೋಡಿದೆ. ಆಮೇಲೆ ಹೇಳಿದೆ.